ಹಳೇ ಕೇಸಿರೋ ದಲಿತನಿಗೆ ಗನ್ ಲೈಸೆನ್ಸ್ ಕೊಡಬಹುದಾ?

ಕೊಡಬಹುದು. ಕಾನೂನೇ ಹಾಗೆ ಹೇಳುತ್ತೆ. ಆದ್ರೆ ಕೊಡಲ್ಲ. ಈ ಎರಡು ಮಾತಿನ ಮಧ್ಯೆ ಏನೇನು ನಡೆಯುತ್ತೆ ಅಂತ ಬರೀಬೇಕು ಅಂತ ಬಹಳ ದಿನದಿಂದ ಅಂದ್ಕೊಂಡಿದ್ದೆ. ಪೋಸ್ಟ್ ಉದ್ದ ಆಗುತ್ತೆ, ಸಮಾಧಾನದಿಂದ ಓದಿ.

ಮೊದಲೇ ಹೇಳಿಬಿಡ್ತೀನಿ, ನನಗೆ ಬಂದೂಕಿನ ಮೋಹ ಇಲ್ಲ. ನಮ್ಮ ಹುಡುಗರು ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಲಿ ಅಂತ ನಾನು ಹೇಳ್ತಿಲ್ಲ. ನನ್ನ ತಕರಾರು ಬೇರೆ. ಸರ್ಕಾರ ತಾನೇ ಬರೆದಿಟ್ಟ ನಿಯಮ ಒಂದಿದೆ. ಆ ನಿಯಮ ನಮಗೆ ಅನ್ವಯಿಸೋ ಹೊತ್ತಿಗೆ ಠಾಣೆಯ ಹಳೇ ರಿಜಿಸ್ಟರ್ ಅಡ್ಡ ಬರುತ್ತೆ. ಆ ರಿಜಿಸ್ಟರಿನಲ್ಲಿ ನಮ್ಮ ಹೆಸರು ಹೇಗೆ ಬಂತು ಅಂತ ಯಾರೂ ಕೇಳಲ್ಲ.

1995ರ ದೌರ್ಜನ್ಯ ತಡೆ ನಿಯಮಗಳ 3ನೇ ನಿಯಮ ತೆಗೆದು ನೋಡಿ. ದೌರ್ಜನ್ಯ ನಡೆಯೋ ಸಂಭವ ಇರುವ ಪ್ರದೇಶಗಳನ್ನು ಸರ್ಕಾರ ಗುರುತಿಸಬೇಕು. ಅಗತ್ಯ ಕಂಡರೆ ಅಲ್ಲಿನ ದಲಿತೇತರರ ಶಸ್ತ್ರ ಪರವಾನಗಿ ರದ್ದು ಮಾಡಿ ಬಂದೂಕುಗಳನ್ನು ಸರ್ಕಾರಿ ಶಸ್ತ್ರಾಗಾರಕ್ಕೆ ಹಾಕಿಸಬೇಕು. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ: ಜೀವ ಮತ್ತು ಆಸ್ತಿಯ ರಕ್ಷಣೆಗೆ ಅಗತ್ಯ ಅನ್ನಿಸಿದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಶಸ್ತ್ರ ಪರವಾನಗಿ ಕೊಡಬೇಕು. ಹೌದು, ಇದು ಭಾರತ ಸರ್ಕಾರದ ನಿಯಮ. ಎಷ್ಟೋ ವಕೀಲರಿಗೇ ಇದು ಗೊತ್ತಿಲ್ಲ. ನಾನು ಒಂದು ಸಭೆಯಲ್ಲಿ ಓದಿ ಹೇಳಿದಾಗ ಅಧಿಕಾರಿಯೊಬ್ಬರು "ಇದೆಲ್ಲಿದೆ ರೀ?" ಅಂತ ನನ್ನ ಕೈಯಿಂದಲೇ ಪುಸ್ತಕ ತಗೊಂಡ್ರು.

ಈಗ 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಬನ್ನಿ. 9ನೇ ಸೆಕ್ಷನ್ ಪ್ರಕಾರ ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಜೈಲು ಶಿಕ್ಷೆ ಆದವರು, ಶಿಕ್ಷೆ ಮುಗಿದ ಮೇಲೆ 5 ವರ್ಷ ಬಂದೂಕು ಹೊಂದುವಂತಿಲ್ಲ. ಗಮನಿಸಿ, ಐದೇ ವರ್ಷ, ಜೀವನ ಪೂರ್ತಿ ಅಲ್ಲ. ಅದೂ ಜೈಲು ಶಿಕ್ಷೆ ಆಗಿದ್ದರೆ. ಎಫ್ಐಆರ್ ಆದವರು, ಖುಲಾಸೆ ಆದವರು, ಬರೀ ದಂಡ ಕಟ್ಟಿದವರು ಈ ನಿಷೇಧದೊಳಗೆ ಬರಲ್ಲ. ಇನ್ನೊಂದು ಅಡ್ಡಿ, ಶಾಂತಿ ಕಾಪಾಡ್ತೀನಿ ಅಂತ ಬಾಂಡ್ ಬರೆಸಿಕೊಂಡಿದ್ದರೆ ಆ ಬಾಂಡಿನ ಅವಧಿ ಮುಗಿಯೋವರೆಗೆ.

ಇಲ್ಲೇ ನಮ್ಮ ಕೇರಿಗಳ ಕಥೆ ಶುರುವಾಗೋದು. ಊರಲ್ಲಿ ಗಲಾಟೆ ಆಗುತ್ತೆ. ಏಟು ತಿಂದವರು ನಾವು. ಪೊಲೀಸರು ಬಂದು "ಎರಡೂ ಕಡೆಯವರ ಮೇಲೆ 107 ಹಾಕ್ತೀವಿ" ಅಂತಾರೆ. ಹೊಸ ಸಂಹಿತೆಯಲ್ಲಿ ಅದು 126 ಆಗಿದೆ, ಅಭ್ಯಾಸ ಮಾತ್ರ ಹಳೇದೇ. ಹೊಡೆದವನೂ ಹೊಡೆಸಿಕೊಂಡವನೂ ತಹಶೀಲ್ದಾರರ ಮುಂದೆ ಒಂದೇ ಸಾಲಲ್ಲಿ ನಿಂತು ಬಾಂಡ್ ಬರೀಬೇಕು. ಯಾರಿಗೆ ಬೆದರಿಕೆ ಇದೆಯೋ ಅವನು, ಬೆದರಿಕೆ ಇರೋ ಆ ಒಂದು ವರ್ಷವೇ, ಕಾನೂನಿನ ಕಣ್ಣಲ್ಲಿ ಶಸ್ತ್ರಕ್ಕೆ ಅನರ್ಹ!

ಆಮೇಲೆ ಕೌಂಟರ್ ಕೇಸು. ಇದನ್ನ ನಾನು ಯಾರಿಂದಲೂ ಕೇಳಿ ತಿಳಿದದ್ದಲ್ಲ. ಒಂದು ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದನ್ನ ಪ್ರಶ್ನಿಸಿ ಧರಣಿ ಕೂತಿದ್ವಿ. ಅಟ್ರಾಸಿಟಿ ದೂರು ಕೊಟ್ಟ ಮಾರನೇ ದಿನ ನಮ್ಮ ಹನ್ನೊಂದು ಜನದ ಮೇಲೆ 143, 147, 323, 504, 506. ಈ ನಂಬರುಗಳು ನಮ್ಮ ಚಳವಳಿಯವರಿಗೆಲ್ಲ ಮಗ್ಗಿ ಇದ್ದಂಗೆ ಬಾಯಿಪಾಠ. ವರ್ಷಗಟ್ಟಲೆ ಕೋರ್ಟು ಅಲೆದ್ವಿ. "ಒಪ್ಕೊಂಡು ಫೈನ್ ಕಟ್ಬಿಡ್ರಪ್ಪ, ಕೂಲಿ ಯಾಕೆ ಕಳ್ಕೋತೀರ" ಅಂದ್ರು ವಕೀಲರು. ನಾಲ್ಕು ಜನ ಕಟ್ಟಿದ್ರು. ಅವರನ್ನ ನಾನು ದೂರಲ್ಲ, ಒಂದು ಹಾಜರಾತಿಗೆ ಒಂದು ದಿನದ ಕೂಲಿ ಹೋಗ್ತಿತ್ತು. ಉಳಿದವರು ಖುಲಾಸೆ ಆದ್ವಿ. ಆಮೇಲೆ ಆ ನಾಲ್ವರಲ್ಲಿ ಒಬ್ಬ, ಜಮೀನಿನ ವಿಚಾರಕ್ಕೆ ಜೀವ ಬೆದರಿಕೆ ಬಂದಾಗ, ಲೈಸೆನ್ಸಿಗೆ ಅರ್ಜಿ ಹಾಕಿದ. ಠಾಣೆಯ ವರದಿ ಎರಡು ಸಾಲು: ಅರ್ಜಿದಾರನಿಗೆ ಕ್ರಿಮಿನಲ್ ಹಿನ್ನೆಲೆ ಇದೆ, ಶಿಫಾರಸು ಮಾಡಲಾಗದು. ಯಾವ ಕೇಸು, ಯಾವ ವರ್ಷ, ಜೈಲೋ ದಂಡವೋ, ಒಂದಕ್ಷರ ಇಲ್ಲ.

9ನೇ ಸೆಕ್ಷನ್ ಅವನನ್ನ ತಡೆಯಲ್ಲ. ಹಾಗಾದ್ರೆ ತಡೆದದ್ದು ಯಾವುದು? 14ನೇ ಸೆಕ್ಷನ್. ಅದರಲ್ಲಿ "ಯಾವುದೇ ಕಾರಣಕ್ಕೆ ಅನರ್ಹ" ಅನ್ನೋ ಅಳತೆ ಇಲ್ಲದ ಚೀಲ ಇದೆ, ಏನು ಬೇಕಾದ್ರೂ ತುಂಬಬಹುದು. ಇದೇ ಸೆಕ್ಷನ್ನಿನಲ್ಲಿ ಆಸ್ತಿ ಸಾಲದು ಅನ್ನೋ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸಬಾರದು ಅಂತಲೂ ಇದೆ. ಬಡವನನ್ನ ಮನಸ್ಸಲ್ಲಿಟ್ಟುಕೊಂಡು ಬರೆದ ಆ ಸಾಲನ್ನ ಯಾರಾದ್ರೂ ಓದ್ತಾರಾ? ಕೇಸು ಬಾಕಿ ಇದೆ ಅನ್ನೋದಷ್ಟೇ ಲೈಸೆನ್ಸ್ ರದ್ದತಿಗೆ ಕಾರಣ ಆಗಲ್ಲ ಅಂತ ಅಲಹಾಬಾದ್ ಹೈಕೋರ್ಟ್ ಹಲವು ಸಲ ಹೇಳಿದೆ. ಅಲ್ಲಿ ಲೈಸೆನ್ಸ್ ಉಳಿಸಿಕೊಳ್ಳೋಕೆ ಹೋರಾಡೋರು ಅದನ್ನ ಈಗಾಗಲೇ ಹೊಂದಿರೋರು. ನಮ್ಮದು ಬಾಗಿಲಲ್ಲೇ ನಿಂತ ಕಥೆ.

ಇನ್ನೊಂದು ಕಡೆ ನೋಡಿ. 2000ನೇ ಇಸವಿ ಮಾರ್ಚ್ 11, ಕಂಬಾಲಪಲ್ಲಿ. ಏಳು ಜನ ದಲಿತರನ್ನ ಸುಟ್ಟರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಟ್ಟಿತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಹೆಣಗಳಿಗೆ ಒಂದೇ ಒಂದು ಶಿಕ್ಷೆ ದಾಖಲಾಗಲಿಲ್ಲ. ಲೋಟ ಕೇಳಿದವನಿಗೆ ಹಿನ್ನೆಲೆ ಇದೆ.

ಕೊಡಗಿನ ವಿಷಯ ಎತ್ತಿದರೆ ಕೆಲವರಿಗೆ ಕೋಪ ಬರುತ್ತೆ, ಬರಲಿ. ಕೊಡವರಿಗೆ ಮತ್ತು ಜಮ್ಮಾ ಭೂಮಿ ಹಿಡುವಳಿದಾರರಿಗೆ ಬಂದೂಕಿನ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಕೇಂದ್ರ ಅದನ್ನ 2019ರಲ್ಲಿ 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಅವರ ಸಂಪ್ರದಾಯದ ಮೇಲೆ ನನಗೇನೂ ಜಗಳ ಇಲ್ಲ. ಅದೇ ಬೆಟ್ಟದ ಕಾಫಿ ತೋಟಗಳಲ್ಲಿ ದುಡಿಯೋ ಎರವರಿಗೆ ಈ ವಿನಾಯಿತಿ ಇಲ್ಲ, ಅಷ್ಟೇ ಹೇಳ್ತಿದ್ದೀನಿ. ಒಂದು ಸಮುದಾಯಕ್ಕೆ ಶಸ್ತ್ರ ಪರಂಪರೆಯಾದರೆ ಇನ್ನೊಂದಕ್ಕೆ ಅದು "ಸಾರ್ವಜನಿಕ ಶಾಂತಿಗೆ ಭಂಗ". ವರ್ಣವ್ಯವಸ್ಥೆ ಕೆಳಗಿನವರ ಕೈಯಿಂದ ಶಸ್ತ್ರ ಕಿತ್ತುಕೊಂಡದ್ದರಿಂದಲೇ ಅವರು ದಂಗೆ ಏಳಲಾಗಲಿಲ್ಲ ಅಂತ ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ವಾದಿಸಿದ್ದು ಸುಮ್ಮನೆ ಅಲ್ಲ.

ಅಮೆರಿಕದ ಕರಿಯರಿಗೂ ಇದು ಹೊಸದಲ್ಲ. 1956ರ ಜನವರಿ 26ರಂದು ಮಾಂಟ್‌ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನ ಬಂಧಿಸಿದರು. ಅಪರಾಧ? 25 ಮೈಲಿ ಮಿತಿಯ ರಸ್ತೆಯಲ್ಲಿ 30 ಮೈಲಿ ವೇಗದಲ್ಲಿ ಕಾರು ಓಡಿಸಿದ್ದು! ನಾಲ್ಕು ದಿನಕ್ಕೆ ಅವರ ಮನೆಗೆ ಬಾಂಬ್ ಬಿತ್ತು, ಹೆಂಡತಿ, ಎಳೆಗೂಸು ಒಳಗಿದ್ದರು. ಅವರು ಬಟ್ಟೆಯೊಳಗೆ ಪಿಸ್ತೂಲು ಇಟ್ಟುಕೊಳ್ಳೋಕೆ ಪರ್ಮಿಟ್ ಕೇಳಿದರು. ಸಿಗಲಿಲ್ಲ. ಕೊಡೋದು ಬಿಡೋದು ಸ್ಥಳೀಯ ಅಧಿಕಾರಿಯ ಮರ್ಜಿ. ಆಮೇಲೆ ಕಿಂಗ್ ಶಸ್ತ್ರವನ್ನೇ ಬಿಟ್ಟರು, ಅದು ಅವರು ತಾವೇ ಮಾಡಿದ ಆಯ್ಕೆ. ನಿರಾಕರಣೆ ಮಾತ್ರ ಅವರ ಆಯ್ಕೆ ಆಗಿರಲಿಲ್ಲ. ಅಲ್ಲಿನ ಫೆಡರಲ್ ಕಾನೂನು ನಮ್ಮದಕ್ಕಿಂತ ಕಠಿಣ: ಒಂದು ವರ್ಷಕ್ಕಿಂತ ಹೆಚ್ಚು ಶಿಕ್ಷೆ ವಿಧಿಸಬಹುದಾದ ಅಪರಾಧ ಸಾಬೀತಾದರೆ ಸಾಮಾನ್ಯವಾಗಿ ಜೀವನ ಪೂರ್ತಿ ಬಂದೂಕಿಲ್ಲ, ಜೈಲಿಗೆ ಹೋಗದಿದ್ದರೂ ಸರಿ. ಪೆನ್ಸಿಲ್ವೇನಿಯಾದ ಒಬ್ಬ ಮನುಷ್ಯ 1995ರಲ್ಲಿ ಬಡವರ ಆಹಾರ ಕೂಪನ್ನಿಗಾಗಿ ಆದಾಯ ಕಡಿಮೆ ತೋರಿಸಿದ್ದ. ಅಷ್ಟಕ್ಕೇ ಅವನ ಮೇಲೆ ನಿಷೇಧ. ಅದನ್ನ ಅವನಿಗೆ ಅನ್ವಯಿಸೋದು ತಪ್ಪು ಅಂತ ಅಲ್ಲಿನ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಹೇಳಿತು, 2024ರಲ್ಲಿ ಮತ್ತೆ ಹೇಳಿತು.

"ದಲಿತನ ಮನೆಗೆ ಬಂದೂಕು ಬಂದರೆ ಊರಲ್ಲಿ ಗಲಾಟೆ ಜಾಸ್ತಿ ಆಗಲ್ವಾ?" ಅಂತ ನಮ್ಮವರೇ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಒಂದು ಗುಂಡು ಹಾರಿದರೆ ಮೊದಲು ಒಳಗೆ ಹೋಗೋನು ಯಾರು ಅಂತ ನನಗೂ ಗೊತ್ತು. ನಿಜವಾಗಿ ಹಿಂಸೆ ಮಾಡಿ ಶಿಕ್ಷೆ ಆದವನಿಗೆ, ಹೆಂಡತಿಗೆ ಹೊಡೆಯೋನಿಗೆ, ಅವನು ನಮ್ಮವನೇ ಆದ್ರೂ, ಕೊಡಬೇಡಿ. ಕಾನೂನು ಹೇಳೋ ಐದು ವರ್ಷ ಅಂಥವನ ವಿಷಯದಲ್ಲಿ ನನಗೆ ಕಡಿಮೆ ಅನ್ನಿಸುತ್ತೆ. ನಾನು ಕೇಳ್ತಿರೋದು ಕೇಸಿನ ಒಳಗೆ ಏನಿದೆ ಅಂತ ತೆಗೆದು ನೋಡಿ ಅಂತ. ದಲಿತರ ಮೇಲೆ ಸುಳ್ಳು, ದುರುದ್ದೇಶದ ಮೊಕದ್ದಮೆ ಹೂಡೋದು ದೌರ್ಜನ್ಯ ತಡೆ ಕಾಯ್ದೆಯಲ್ಲೇ ಅಪರಾಧ. ಅಂಥ ಮೊಕದ್ದಮೆಯನ್ನೇ ಆಧಾರ ಮಾಡಿಕೊಂಡು ರಕ್ಷಣೆ ನಿರಾಕರಿಸಿದರೆ ಅದೇ ದೌರ್ಜನ್ಯಕ್ಕೆ ಸರ್ಕಾರಿ ಸೀಲು ಒತ್ತಿದಂಗೆ ಅಲ್ವಾ?

ಜಿಲ್ಲಾಧಿಕಾರಿಯೇ ಜಿಲ್ಲಾ ಜಾಗೃತಿ ಸಮಿತಿ ಅಧ್ಯಕ್ಷರು. ಕಮಿಷನರೇಟ್ ಇಲ್ಲದ ಕಡೆ ಲೈಸೆನ್ಸ್ ಕೊಡೋರೂ ಅವರೇ. ಮೂರು ತಿಂಗಳಿಗೊಮ್ಮೆ ನಡೀಬೇಕಾದ ಆ ಸಭೆಯಲ್ಲಿ ಈ ಪ್ರಶ್ನೆ ಇಡಿ: 3ನೇ ನಿಯಮದ ಪ್ರಕಾರ ನಮ್ಮ ಜಿಲ್ಲೆಯಲ್ಲಿ ಎಷ್ಟು ಲೈಸೆನ್ಸ್ ಕೊಟ್ಟಿದ್ದೀರಿ, ಎಷ್ಟು ರದ್ದು ಮಾಡಿದ್ದೀರಿ?

ಅರ್ಜಿ ಹಾಕೋರು ಖುಲಾಸೆ ತೀರ್ಪಿನ ದೃಢೀಕೃತ ನಕಲು ಲಗತ್ತಿಸಿ. ಫಾರಂನಲ್ಲಿ ಹಳೇ ಕೇಸು ಮುಚ್ಚಿಡಬೇಡಿ, ಮುಚ್ಚಿಟ್ಟರೆ ಅದೇ ಹೊಸ ಕೇಸಾಗುತ್ತೆ. ನಿರಾಕರಿಸಿದರೆ 14ನೇ ಸೆಕ್ಷನ್ ಪ್ರಕಾರ ಕಾರಣವನ್ನ ಬರಹದಲ್ಲಿ ಕೇಳಿ, 18ನೇ ಸೆಕ್ಷನ್ನಿನಲ್ಲಿ ಮೇಲ್ಮನವಿ ಇದೆ. ಈಗಾಗಲೇ ತಿರಸ್ಕಾರದ ಆದೇಶ ಕೈಯಲ್ಲಿರೋರು ಅದರ ಫೋಟೋ ಇನ್‌ಬಾಕ್ಸ್‌ಗೆ ಕಳಿಸಿ, ಹೆಸರು, ವಿಳಾಸ ಮುಚ್ಚಿ. ಎಲ್ಲವನ್ನೂ ಸೇರಿಸಿ ಒಂದೇ ಮನವಿ ಕೊಡೋಣ.

ಜೈಭೀಮ್.