ಕೈಕೊಡುವ ಕಾಲುಗಳು

ಹಾಂಗ್‌ಕಾಂಗ್ ನಗರದ ಒಬ್ಬ ತರುಣನನ್ನು ಊಹಿಸಿಕೊಳ್ಳಿರಿ. ಹಗಲೆಲ್ಲ ಮೈಮುರಿಯೆ ದುಡಿದು, ರಾತ್ರಿ ಹೊಟ್ಟೆ ತುಂಬ ಅನ್ನವುಂಡು ಮಲಗಿದ್ದಾನೆ. ಬೆಳಗಿನ ಜಾವ ಎಚ್ಚರವಾದಾಗ ತೊಡೆಗಳು ಮಿಸುಕವು. ಬುದ್ಧಿ ತಿಳಿಯಾಗಿದೆ, ಚಿವುಟಿದರೆ ನೋವು ತಿಳಿಯುತ್ತದೆ. ಏಳಲು ಮಾತ್ರ ಆಗದು. ಲಕ್ವ ಹೊಡೆಯಿತೆಂದು ಮನೆಯವರು ಗೋಳಿಡುತ್ತಾರೆ. ಹಲವು ಗಂಟೆಗಳ ಮೇಲೆ ಶಕ್ತಿ ಮರಳಿ ಅವನು ಎದ್ದು ನಡೆದಾಗ, ಇದೆಲ್ಲ ಸೋಗೆಂದು ನೆರೆಹೊರೆಯವರು ಪಿಸುಗುಟ್ಟುವುದೂ ಉಂಟು.

ನಿಜವಾದ ದೋಷವಿರುವುದು ಅವನ ಕೊರಳಿನಲ್ಲಿ. ಅಲ್ಲಿಯ ಥೈರಾಯಿಡ್ ಗ್ರಂಥಿ ಮಿತಿಮೀರಿ ಸ್ರವಿಸುತ್ತಿದೆ. ಜೀವಕೋಶಗಳ ಪೊರೆಯಲ್ಲಿ ಸೋಡಿಯಂ ಲವಣವನ್ನು ಹೊರದೂಡಿ ಪೊಟ್ಯಾಸಿಯಂ ಲವಣವನ್ನು ಒಳಗೆಳೆಯುವ ಏತವೊಂದುಂಟು. ಥೈರಾಯಿಡಿನ ಸ್ರಾವ ಈ ಏತವನ್ನು ಚುರುಕುಗೊಳಿಸುತ್ತದೆ; ಭೂರಿಭೋಜನದ ಬಳಿಕ ಏರುವ ಇನ್ಸುಲಿನ್ ಇನ್ನಷ್ಟು ಕೆರಳಿಸುತ್ತದೆ. ರಕ್ತದಲ್ಲಿದ್ದ ಪೊಟ್ಯಾಸಿಯಂ ಸ್ನಾಯುಗಳೊಳಗೆ ನುಗ್ಗುತ್ತದೆ. ದೇಹದ ಒಟ್ಟು ಸಂಚಯ ಕರಗಿಲ್ಲ, ಅದರ ನೆಲೆ ಬದಲಾಗಿದೆ. ಆದರೂ ನರದ ಆಜ್ಞೆಗೆ ಸ್ನಾಯು ಓಗೊಡದು.

ಥೈರಾಯಿಡಿನ ಉದ್ರೇಕ ಸ್ತ್ರೀಯರಲ್ಲಿ ಅಧಿಕ. ಈ ನಿಶ್ಶಕ್ತಿಯಾದರೋ ಬಹುಮಟ್ಟಿಗೆ ಪುರುಷರ ಪಾಲಿನದು. ಹಾಂಗ್‌ಕಾಂಗಿನ ಚೀನೀಯರನ್ನು ಪರೀಕ್ಷಿಸಿ 1967ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಥೈರಾಯಿಡ್ ಉದ್ರೇಕಗೊಂಡ ಪುರುಷರಲ್ಲಿ 100ಕ್ಕೆ ಸುಮಾರು 13 ಮಂದಿಗೆ ಇದು ಬಂದಿತ್ತು. ಸ್ತ್ರೀಯರಲ್ಲಿ 1000ಕ್ಕೆ ಇಬ್ಬರಿಗೂ ಬಂದಿರಲಿಲ್ಲ. ಪೂರ್ವ ಏಷ್ಯದ ಜನರಲ್ಲಿ ಹೆಚ್ಚೆಂಬುದು ದಿಟ, ಭಾರತೀಯರಲ್ಲಿಯೂ ಕಂಡುಬಂದಿದೆ. ಕೆಲವು ರೋಗಿಗಳಲ್ಲಿ, ಪೊಟ್ಯಾಸಿಯಂ ಹೊರಬರುವ ಬಾಗಿಲಿಗೇ ಹುಟ್ಟಿನಿಂದ ದೋಷವಿರುವುದು 2010ರಲ್ಲಿ ತಿಳಿದುಬಂದಿತು.

ಇದನ್ನು ಉಪೇಕ್ಷಿಸಲಾಗದು. ರಕ್ತದಲ್ಲಿ ಪೊಟ್ಯಾಸಿಯಂ ತೀರ ಇಳಿದರೆ ಹೃದಯದ ಬಡಿತವೇ ತಾಳ ತಪ್ಪೀತು. ಹಾಗೆಂದು ಮನೆಯಲ್ಲಿಯೇ ಪೊಟ್ಯಾಸಿಯಂ ಔಷಧಿಯನ್ನು ಸುರಿಯುವುದೂ ಅಪಾಯ: ನಿಶ್ಶಕ್ತಿ ಕಳೆಯುವಾಗ ಒಳಸೇರಿದ್ದುದು ಹಿಂದಿರುಗಿ, ಕೊರತೆಯಿದ್ದಲ್ಲಿ ಅತಿರೇಕವಾಗುತ್ತದೆ. ಆಸ್ಪತ್ರೆಯಲ್ಲಿ ಹೃದಯದ ಮೇಲೆ ಕಣ್ಣಿಟ್ಟು, ಅಳೆದು ಕೊಡಬೇಕು. ಪ್ರೊಪ್ರನೊಲಾಲ್ ಎಂಬ ಔಷಧಿಯೂ ನೆರವಾಗುತ್ತದೆ.

ರೋಗ ಕೈಗೆ ಸಿಕ್ಕುವುದು ಕಾಲು ಸೋತಿರುವ ಆ ಹೊತ್ತಿನಲ್ಲಿ. ಶಕ್ತಿ ಮರಳಿದ ಮೇಲೆ ರಕ್ತದ ಪೊಟ್ಯಾಸಿಯಂ ಸಹಜಕ್ಕೆ ಬರುವುದರಿಂದ ಸಾಕ್ಷ್ಯ ಅಳಿಸಿಹೋಗುತ್ತದೆ. ಉಂಡರೂ ಸೊರಗುವ ಮೈ, ನಡುಗುವ ಬೆರಳು, ಡವಗುಟ್ಟುವ ಎದೆ ಇವು ಥೈರಾಯಿಡಿನ ಸುಳಿವುಗಳು. ಅನೇಕರಲ್ಲಿ ಇವೂ ಮಸುಕಾಗಿರುತ್ತವೆ. ಆದಕಾರಣ ಪೊಟ್ಯಾಸಿಯಂ ಜೊತೆಗೆ ಥೈರಾಯಿಡನ್ನೂ ಪರೀಕ್ಷಿಸಬೇಕು.

ಗ್ರಂಥಿ ಹದಕ್ಕೆ ಬರುವವರೆಗೆ ಭೂರಿಭೋಜನವೂ ಅತಿಶ್ರಮವೂ ಬೇಡ. ಅದು ಹದಕ್ಕೆ ಬಂದು ಹಾಗೆಯೇ ಉಳಿದರೆ ಇಂಥ ರಾತ್ರಿ ಮತ್ತೆ ಬಾರದು. ಕೊರಳಿಗೆ ಚಿಕಿತ್ಸೆಯಾದರೆ ಕಾಲು ತಾನಾಗಿ ನಡೆಯುತ್ತದೆ.