ಪಂಚಮಿಗೆ ಬಾರದ ಅಣ್ಣ

ನಡೆದ ಸಂಗತಿಯನ್ನು ಆಡಿ ತೋರಿಸುವುದು ಬೆಳಗಾವಿ ಸೀಮೆಗೆ ಹೊಸ ವಿದ್ಯೆಯಲ್ಲ. ಬೈಲಹೊಂಗಲದ ಕಡೆ ನಡೆದುದೆನ್ನುವ ಕೊಲೆಯೊಂದು ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಗಿ ಇಂದಿಗೂ ಜನರನ್ನು ಬೆಳಗಿನವರೆಗೆ ಕೂರಿಸಬಲ್ಲದು. 1857ರ ಹಲಗಲಿಯ ಬೇಡರ ದಂಗೆಯನ್ನು ಲಾವಣಿಕಾರರು ಹಾಡಿದರು. ಫ್ಲೀಟ್ ಸಾಹೇಬರು ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಆದುದರಿಂದ ಹವ್ಯಾಸಿ ನಟರಾದ ಮಿತ್ರರೊಬ್ಬರು, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನೆಲದಿಂದ ಮೊದಲ ಮಹಾಯುದ್ಧಕ್ಕೆ ಹೋಗಿ ಮರಳದ ಸಿಪಾಯಿಯ ತಂಗಿಯನ್ನು ಕುರಿತು ದಾಖಲೆ ನಾಟಕ ಬರೆಯುವೆನೆಂದಾಗ ನನಗೆ ಸಂತೋಷವೇ ಆಯಿತು. ಅವರು ಓದಿ ತೋರಿಸಿದ ಮೊದಲ ದೃಶ್ಯದಲ್ಲಿಯೇ ಅಣ್ಣನು ರಣರಂಗದಿಂದ ತಂಗಿಗೆ ಬರೆದ ಕಾಗದವಿತ್ತು.

“ಇದು ಎಲ್ಲಿ ದೊರೆಯಿತು?” ಎಂದೆ.

“ದೊರೆಯಲಿಲ್ಲ, ನಾನೇ ಬರೆದೆ.”

ಅಲ್ಲಿಗೆ ನಮ್ಮ ಜಗಳ ಆರಂಭವಾಯಿತು.

ದಾಖಲೆ ನಾಟಕದ ಕಟ್ಟಳೆ ಒಂದೇ: ಕಾಗದ, ಸಾಕ್ಷಿ, ಅಂಕಿಅಂಶಗಳೇ ಅಲ್ಲಿ ಮಾತನಾಡಬೇಕು. 1963ರಲ್ಲಿ ಲಂಡನ್ನಿನಲ್ಲಿ ಜೋನ್ ಲಿಟಲ್‌ವುಡ್ ಆಡಿಸಿದ ‘ಓ ವಾಟ್ ಎ ಲವ್ಲಿ ವಾರ್’ ನಾಟಕದಲ್ಲಿ ವಿದೂಷಕರ ಉಡುಪಿನ ನಟರು ಸಿಪಾಯಿಗಳ ಹಾಡು ಹಾಡುತ್ತಿದ್ದರೆ, ಹಿಂದೆ ದೀಪದ ಫಲಕದ ಮೇಲೆ ಸತ್ತವರ ಲೆಕ್ಕ ಓಡುತ್ತಿತ್ತು. ಅದರ ಬೀಜ ಚಾರ್ಲ್ಸ್ ಚಿಲ್ಟನ್ ಎಂಬವರ ಬಾನುಲಿ ಕಾರ್ಯಕ್ರಮ. ಯುದ್ಧದಲ್ಲಿ ಮಡಿದ ತಂದೆಯ ಗೋರಿಯನ್ನು ಹುಡುಕಿ ಅವರು ಫ್ರಾನ್ಸಿನ ಅರಾಸಿಗೆ ಹೋದಾಗ ಗೋರಿ ಕಾಣಲಿಲ್ಲ. ಗೋಡೆಯ ಮೇಲಿನ 35,000ಕ್ಕೂ ಮಿಕ್ಕ ಹೆಸರುಗಳ ನಡುವೆ ತಂದೆಯದೊಂದು ಹೆಸರಿತ್ತು.

ನಮ್ಮ ತಂಗಿಗೆ ಆ ಗೋಡೆಯ ಭಾಗ್ಯವೂ ಇಲ್ಲ. ಮರಾಠಾ ಪಲಟಣಗಳ ಪೈಕಿ 103, 110, 117ನೆಯವು ಇರಾಕಿನ ಕೂಟ್ ಪಟ್ಟಣದಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿದವು. ಸುಮಾರು ಐದು ತಿಂಗಳ ಹಸಿವು. ಕುದುರೆಯ ಮಾಂಸವನ್ನು ತಿನ್ನಲೊಲ್ಲದೆ ಭಾರತೀಯರಲ್ಲಿ ಬಹುಮಂದಿ ಸೊರಗಿದರು. 1916ರ ಏಪ್ರಿಲ್ 29ರಂದು ಶರಣಾದ ಸುಮಾರು 13,000 ಮಂದಿಯಲ್ಲಿ ಸಾವಿರಾರು ಜನ ಸೆರೆಯಲ್ಲಿಯೇ ತೀರಿಕೊಂಡರು. ಬಾಸ್ರಾದ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರನ್ನು ಕೊರೆದರು. ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ಪಲಟಣದ ಕೆಳಗೆ ಬರಿಯ ಸಂಖ್ಯೆಯಾಗಿ ನಮೂದಿಸಿದರು. ಹೆಸರು ಪುಸ್ತಕದಲ್ಲಿ ಉಳಿಯಿತು. ಇದು ಪಕ್ಷಪಾತವೆಂದು ಯುದ್ಧ ಸಮಾಧಿಗಳ ಆಯೋಗವು ಒಪ್ಪಿಕೊಂಡದ್ದು 2021ರಲ್ಲಿ!

ಆ ಪುಸ್ತಕವನ್ನು ತೆರೆದರೂ ‘ಇಂಥವರ ಮಗ’, ‘ಇಂಥವಳ ಗಂಡ’ ಎಂದಿರುತ್ತದೆ. ಪಿಂಚಣಿಯ ಕಾಗದಕ್ಕೂ ತಂದೆತಾಯಿ, ಹೆಂಡತಿ, ಮಕ್ಕಳೇ ಮುಖ್ಯರು. ‘ಇಂಥವಳ ಅಣ್ಣ’ ಎಂದು ಬರೆಯಲು ಅಲ್ಲಿ ಜಾಗವೇ ಸಾಲದು. ಅವಳು ಮದುವೆಯಾಗಿ ಬೇರೆ ಊರು ಸೇರಿದ್ದರಂತೂ ಸುದ್ದಿ ಮುಟ್ಟಿದ್ದು ಯಾವಾಗಲೊ, ಯಾರ ಬಾಯಿಂದಲೊ. ರಾಯಬಾಗವು ಆಗ ಕೊಲ್ಹಾಪುರ ಸಂಸ್ಥಾನದ್ದು, ಚಿಕ್ಕೋಡಿ ಇಂಗ್ಲಿಷರದು. ತವರಿಗೂ ಗಂಡನ ಮನೆಗೂ ಸರಕಾರವೇ ಬೇರೆ!

“ಕಾಗದ ಉಳಿಯಲಿಲ್ಲವೆಂದ ಮಾತ್ರಕ್ಕೆ ಪ್ರೀತಿ ಇರಲಿಲ್ಲವೆ?” ಎಂದು ಮಿತ್ರರು ಕೇಳಿದರು. ಪ್ರಶ್ನೆ ಸಣ್ಣದಲ್ಲ. ಫ್ರಾನ್ಸಿನಲ್ಲಿದ್ದ ನಮ್ಮ ಸಿಪಾಯಿಗಳ ಪತ್ರಗಳಲ್ಲಿ ಕೂಡ ಇಂದು ದೊರೆಯುವುದು ಬಹುಮಟ್ಟಿಗೆ ಸೆನ್ಸಾರಿನವರು ಇಂಗ್ಲಿಷಿಗೆ ತಿರುಗಿಸಿದ ತುಣುಕುಗಳು. ಆದರೂ ನನಗೆ ಒಪ್ಪಿಗೆಯಾಗಲಿಲ್ಲ. ನಾವು ಬರೆದ ಸೊಗಸಾದ ಕಾಗದವನ್ನು ಕೇಳಿ ಸಭಿಕರು ಕಣ್ಣೊರೆಸಿಕೊಂಡು ಮನೆಗೆ ಹೋದಾರು. ಅವಳಿಗೆ ಒಂದು ಸಾಲೂ ಬರಲಿಲ್ಲವೆಂಬ ನಿಜ ಅವರಿಗೆ ತಿಳಿಯದೆಯೇ ಹೋದೀತು. (ಕಂಪನಿ ನಾಟಕದವರಾಗಿದ್ದರೆ ಅಲ್ಲೊಂದು ಶೋಕಗೀತವನ್ನೂ ಸೇರಿಸುತ್ತಿದ್ದರು, ಒನ್ಸ್ ಮೋರ್ ಕೂಡ ಬೀಳುತ್ತಿತ್ತು.)

ಕಾಗದವಿಲ್ಲದವಳಿಗೂ ಪಂಚಮಿ ಇತ್ತು. ಆ ಸೀಮೆಯಲ್ಲಿ ಶ್ರಾವಣದ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ತವರಿನಿಂದ ಅಣ್ಣ ಕರೆಯಲು ಬರಬೇಕು. ಅಳ್ಳು, ತಂಬಿಟ್ಟು, ಉಂಡಿ ಸಿದ್ಧವಾಗಬೇಕು. ಮರಕ್ಕೆ ಜೋಕಾಲಿ ಬೀಳಬೇಕು. ಕೂಟ್ ಬಿದ್ದ ಮೂರು ತಿಂಗಳಿಗೆಲ್ಲ ಆ ವರ್ಷದ ಪಂಚಮಿ ಬಂದಿತು. ಅಂದು ಅವಳು ಬಾಗಿಲಲ್ಲಿ ನಿಂತು ಏನೆಂದಳೆಂಬುದು ಯಾವ ಕಚೇರಿಯಲ್ಲಿಯೂ ದಾಖಲಾಗಿಲ್ಲ. ರಂಗದ ಮೇಲೆಯೂ ಅವಳು ಏನನ್ನೂ ಅನ್ನದಿರಲಿ ಎಂದೆ. ಒಬ್ಬನು ಸ್ಮಾರಕದ ಪುಸ್ತಕವನ್ನು ಇದ್ದಂತೆಯೇ ಓದಲಿ, ಅವಳು ಕೇಳಲಿ.

ಮಿತ್ರರು ಆ ಕಾಗದವನ್ನು ಹರಿದು ಹಾಕಿಲ್ಲ. ಮಡಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ಎರಡನೆಯ ದೃಶ್ಯಕ್ಕೆಂದು ಈಗ ಜೋಕಾಲಿಯ ಹಗ್ಗವನ್ನು ಹುಡುಕುತ್ತಿದ್ದಾರೆ.