ಮ್ಯಾರಥಾನ್ ಓಟಗಾರನ ಪಾದರಕ್ಷೆ ಮತ್ತು ಭೋಗೋಪಭೋಗ ಪರಿಮಾಣ

ಮುಂಬಯಿ ಮ್ಯಾರಥಾನ್ 2004ರಲ್ಲಿ ಆರಂಭವಾದ ಮೇಲೆ 42.195 ಕಿಲೋಮೀಟರ್ ದೂರದ ಈ ಓಟವು ಭಾರತದ ನಗರವಾಸಿಗಳಿಗೆ ಚಿರಪರಿಚಿತವಾಗಿದೆ. ಬೆಂಗಳೂರಿನ ಉದ್ಯಾನಗಳಲ್ಲಿ ಮುಂಜಾನೆ ಇದಕ್ಕಾಗಿ ಅಭ್ಯಾಸ ಮಾಡುವವರಲ್ಲಿ ಜೈನ ತರುಣ ತರುಣಿಯರೂ ಇದ್ದಾರೆ. ಆಲಸ್ಯವನ್ನು ಜಯಿಸಿ ದೇಹವನ್ನು ನಿಯಮಕ್ಕೆ ಒಳಪಡಿಸುವ ಈ ಪ್ರಯತ್ನ ಶ್ಲಾಘನೀಯವೇ ಸರಿ. ಆದರೆ ಅಭ್ಯಾಸದ ಹೊಸ್ತಿಲಲ್ಲೇ ಏಳುವ ಪ್ರಶ್ನೆಯೊಂದಿದೆ: ಯಾವ ಶೂ ಕೊಳ್ಳಬೇಕು? ಜೈನ ಮನೆಗಳಲ್ಲಿ ಇದಕ್ಕೊಂದು ಸಿದ್ಧ ಉತ್ತರ ದೊರೆಯುತ್ತದೆ: 'ಚರ್ಮದ್ದಲ್ಲದಿದ್ದರೆ ಸಾಕು.' ಈ ಉತ್ತರ ಅಪೂರ್ಣವಾದುದು ಮಾತ್ರವಲ್ಲ, ಧರ್ಮದ ಹೆಸರಿನಲ್ಲಿ ಆತ್ಮವಂಚನೆಗೆ ದಾರಿ ಮಾಡಿಕೊಡುವಂಥದು.

ಏಕೆಂದರೆ ಇಂದಿನ ಓಟದ ಶೂಗಳಲ್ಲಿ ಬಹುಪಾಲು ಚರ್ಮವೇ ಇರುವುದಿಲ್ಲ. ಮೇಲ್ಭಾಗ ಪಾಲಿಯೆಸ್ಟರ್ ಅಥವಾ ನೈಲಾನ್ ನೇಯ್ಗೆ. ನಡುವಿನ ಮೆತ್ತೆ ಪೆಟ್ರೋಲಿಯಂ ಮೂಲದ ರಾಸಾಯನಿಕ ನೊರೆ. ಅಡಿಯ ಅಟ್ಟೆ ರಬ್ಬರು. ಅಂಟಿನಲ್ಲಿ ಅಥವಾ ಅಲಂಕಾರದ ಪಟ್ಟಿಯಲ್ಲಿ ಪ್ರಾಣಿಜನ್ಯ ವಸ್ತು ಸೇರಿದೆಯೇ ಎಂದು ವಿಚಾರಿಸುವುದು ಉಚಿತವೇ. ಆದರೆ ಮಾರುಕಟ್ಟೆಯು ಅಗ್ಗದ ಮತ್ತು ಹಗುರದ ಕಾರಣಕ್ಕೆ ಎಂದೋ ಕೈಬಿಟ್ಟ ಚರ್ಮವನ್ನು ತಾನು ತ್ಯಾಗ ಮಾಡಿದೆನೆಂದು ಶ್ರಾವಕನು ಹೆಮ್ಮೆಪಡುವುದು ಹಾಸ್ಯಾಸ್ಪದ. ಬಯಸದೆ ಇದ್ದುದನ್ನು ಬಿಡುವುದು ತ್ಯಾಗವಲ್ಲ. ಅವನು ಬಿಡಬೇಕಾದುದು ಬೇರೆಯೇ ಇದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಗುಣವ್ರತಗಳಲ್ಲಿ ಸೇರಿಸಿದ್ದಾರೆ. ಅವರ ವಿಭಾಗದಂತೆ ಅನ್ನದ ಹಾಗೆ ಒಮ್ಮೆ ಅನುಭವಿಸಿ ಬಿಡತಕ್ಕದ್ದು ಭೋಗ; ವಸ್ತ್ರದ ಹಾಗೆ ಮತ್ತೆ ಮತ್ತೆ ಬಳಸತಕ್ಕದ್ದು ಉಪಭೋಗ. ಪಾದರಕ್ಷೆಯು ಎರಡನೆಯ ವರ್ಗಕ್ಕೆ ಸೇರಿದ್ದೆಂಬುದರಲ್ಲಿ ಸಂದೇಹವಿಲ್ಲ. ಈ ಭೇದವನ್ನೇ ಅಳಿಸಿಹಾಕಲು ಇಂದಿನ ವ್ಯಾಪಾರ ಹೊರಟಿದೆ.

ನಿದರ್ಶನಕ್ಕೆ ದೂರ ಹೋಗಬೇಕಿಲ್ಲ. 2023ರ ಸೆಪ್ಟೆಂಬರಿನಲ್ಲಿ ಅಡಿಡಾಸ್ ಕಂಪನಿಯು ಸುಮಾರು 138 ಗ್ರಾಂ ತೂಕದ ಓಟದ ಶೂ ಒಂದನ್ನು 500 ಡಾಲರ್ ಬೆಲೆಗೆ ಹೊರತಂದಿತು. ಅದನ್ನು ಧರಿಸಿ ಇಥಿಯೋಪಿಯದ ಟಿಗಿಸ್ಟ್ ಅಸೆಫಾ ಬರ್ಲಿನ್‌ನಲ್ಲಿ 2 ಗಂಟೆ 11 ನಿಮಿಷ 53 ಸೆಕೆಂಡುಗಳಲ್ಲಿ ಓಡಿ ಮಹಿಳೆಯರ ಅಂದಿನ ವಿಶ್ವದಾಖಲೆ ಸ್ಥಾಪಿಸಿದರು. ಆ ಶೂ ಕಾಲಿಗೆ ಒಗ್ಗಿಸಿಕೊಳ್ಳುವ ಅಲ್ಪ ಓಟವನ್ನು ಬಿಟ್ಟರೆ ಒಂದೇ ಮ್ಯಾರಥಾನಿಗಾಗಿ ತಯಾರಾದುದೆಂದು ತಯಾರಕರೇ ಹೇಳಿದರು. ಅಂದಿನ ವಿನಿಮಯ ದರದಲ್ಲಿ ಕಿಲೋಮೀಟರಿಗೆ ಸುಮಾರು ಸಾವಿರ ರೂಪಾಯಿ! ಉಪಭೋಗದ ವಸ್ತು ಇಲ್ಲಿ ಭೋಗವಾಯಿತು, ಉಂಡೆಸೆದ ಎಲೆಯಾಯಿತು. ಎಲೆಯಾದರೂ ಮಣ್ಣಿಗೆ ಸೇರುತ್ತದೆ. ಈ ನೊರೆಯು ಸುಲಭವಾಗಿ ಸೇರದು. ವಿಶ್ವದಾಖಲೆಯ ಓಟಗಾರ್ತಿಗೆ ಸೆಕೆಂಡುಗಳ ಲೆಕ್ಕವಿರಬಹುದು. ನಾಲ್ಕೈದು ಗಂಟೆಗಳಲ್ಲಿ ಗುರಿ ಮುಟ್ಟಿದರೆ ಧನ್ಯನೆಂದುಕೊಳ್ಳುವ ಮೊದಲ ಬಾರಿಯ ಓಟಗಾರನಿಗೆ ಇಂತಹ ಶೂಗಳ ಮೇಲೆ ಮೋಹವೇಕೆ?

ಗೃಹಸ್ಥನು ಲೆಕ್ಕವನ್ನಾದರೂ ಬರೆದು ನೋಡಲಿ. ಹದಿನೆಂಟು ವಾರಗಳ ಅಭ್ಯಾಸ, ವಾರಕ್ಕೆ ಸರಾಸರಿ 40 ಕಿಲೋಮೀಟರ್ ಎಂದರೆ ಒಟ್ಟು 720 ಕಿಲೋಮೀಟರ್. ಸಾಮಾನ್ಯ ಓಟದ ಶೂ ಒಂದು 500ರಿಂದ 800 ಕಿಲೋಮೀಟರ್ ಬಾಳುತ್ತದೆಂಬುದು ರೂಢಿಯ ಅಂದಾಜು. ಹಾಗಾದರೆ ಒಂದು ಜೊತೆ, ಹೆಚ್ಚೆಂದರೆ ಎರಡು. ನಿಧಾನದ ಓಟಕ್ಕೊಂದು, ವೇಗದ ಓಟಕ್ಕೊಂದು, ದೀರ್ಘ ಓಟಕ್ಕೊಂದು, ಸ್ಪರ್ಧೆಯ ದಿನಕ್ಕೊಂದು ಎಂಬ ಪಟ್ಟಿಯು ಕಾಲಿನ ಅಗತ್ಯದಿಂದ ಹುಟ್ಟಿದ್ದಲ್ಲ, ಅಂಗಡಿಯ ಅಗತ್ಯದಿಂದ ಹುಟ್ಟಿದ್ದು.

'ಸರಿಯಾದ ಶೂ ಇಲ್ಲದಿದ್ದರೆ ಮೊಣಕಾಲು ಕೆಡುತ್ತದೆ, ದೇಹರಕ್ಷಣೆಯೂ ಧರ್ಮವಲ್ಲವೇ?' ಎಂದು ಆಕ್ಷೇಪಿಸುವವರುಂಟು. ದೇಹರಕ್ಷಣೆ ಧರ್ಮವೇ ಹೌದು. ಆದರೆ ಬೆಲೆ ಏರಿದಂತೆ ರಕ್ಷಣೆಯೂ ಏರುತ್ತದೆಂಬುದಕ್ಕೆ ಆಧಾರವೇನು? ಪಾದದ ಆಕಾರ ನೋಡಿ ಶೂ ಗೊತ್ತುಪಡಿಸಿದರೆ ಗಾಯಗಳು ಕಡಿಮೆಯಾಗುವವೇ ಎಂದು ಅಮೆರಿಕದ ಸೈನ್ಯದಲ್ಲಿ ತರಬೇತಿಯ ಸಾವಿರಾರು ಜನರ ಮೇಲೆ ಪರೀಕ್ಷೆಗಳು ನಡೆದವು. 2009 ಮತ್ತು 2010ರಲ್ಲಿ ಪ್ರಕಟವಾದ ಅವುಗಳ ಫಲಿತಾಂಶದಲ್ಲಿ ಗಣನೀಯ ಪ್ರಯೋಜನ ಕಂಡುಬರಲಿಲ್ಲ. ನೆನಪಿಡಬೇಕಾದ ಸಂಗತಿಗಳು ಸರಳವಾದುವು: ನಡೆದಾಡಿ ಕಾಲು ಸ್ವಲ್ಪ ಉಬ್ಬಿರುವ ಸಂಜೆಯ ಹೊತ್ತು ಕಾಲುಚೀಲ ಧರಿಸಿ ಅಳತೆ ನೋಡುವುದು, ಬೆರಳ ತುದಿಗೂ ಶೂವಿನ ತುದಿಗೂ ನಡುವೆ ಹೆಬ್ಬೆರಳಗಲ ಬಿಡುವುದು, ಹಿಮ್ಮಡಿ ಜಾರದಂತೆ ಇರುವುದು, ಕಾಲಿಗೆ ಹಿತವೆನಿಸುವುದನ್ನೇ ಆರಿಸುವುದು, ಸ್ಪರ್ಧೆಯ ದಿನ ಹೊಚ್ಚ ಹೊಸದನ್ನು ಧರಿಸದಿರುವುದು, ದೂರವನ್ನು ನಿಧಾನವಾಗಿ ಹೆಚ್ಚಿಸುವುದು. ಇವುಗಳಲ್ಲಿ ಒಂದಕ್ಕೂ ಹೆಚ್ಚು ಹಣ ಬೇಡ.

ಇನ್ನು ಕೆಲವರು ಮತ್ತೊಂದು ತುದಿಗೆ ಹೋಗುತ್ತಾರೆ. ಮುನಿಗಳು ಬರಿಗಾಲಿನಲ್ಲಿ ವಿಹಾರ ಮಾಡುವುದಿಲ್ಲವೇ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅಬೆಬೆ ಬಿಕಿಲಾ ಬರಿಗಾಲಿನಲ್ಲೇ ಓಡಿ ಚಿನ್ನ ಗೆಲ್ಲಲಿಲ್ಲವೇ ಎಂದು ಕೇಳುತ್ತಾರೆ. ಹೋಲಿಕೆ ಸಲ್ಲದು. ಮುನಿಗಳ ನಡಿಗೆ ಈರ್ಯಾಸಮಿತಿಯದು: ಹಗಲಿನ ಬೆಳಕಿನಲ್ಲಿ, ನಾಲ್ಕು ಹಸ್ತದ ನೆಲವನ್ನು ನೋಡಿ, ಜೀವಿಗಳನ್ನು ತಪ್ಪಿಸಿ ಇಡುವ ಹೆಜ್ಜೆ. ಓಟಗಾರನಿಗೆ ಅದು ಅಸಾಧ್ಯ. ಶೂ ಕಳಚಿದ ಮಾತ್ರಕ್ಕೆ ಓಟವು ವಿಹಾರವಾಗದು. ಮಹಾವ್ರತಿಯ ವೇಷವನ್ನು ಅಣುವ್ರತಿ ಕೇಳಬೇಕಿಲ್ಲ. ತನ್ನ ವ್ರತವನ್ನು ಪ್ರಾಮಾಣಿಕವಾಗಿ ಪಾಲಿಸಿದರೆ ಸಾಕು.

ಆ ಪಾಲನೆಗೂ ಆಚಾರ್ಯರೇ ಉಪಾಯ ತೋರಿದ್ದಾರೆ. ಜೀವನಪರ್ಯಂತದ ತ್ಯಾಗ ಯಮ. ಕಾಲಮಿತಿಯ ತ್ಯಾಗ ನಿಯಮ. ಹೆಸರು ನೋಂದಾಯಿಸಿದ ದಿನದಿಂದ ಓಟ ಮುಗಿಯುವ ದಿನದವರೆಗೆ ಇಷ್ಟೇ ಜೊತೆ, ಇಷ್ಟೇ ಬೆಲೆ ಎಂದು ತರುಣನು ನಿಯಮ ಮಾಡಿಕೊಳ್ಳಲಿ. ಸವೆದು ಓಟಕ್ಕೆ ಸಲ್ಲದ ಜೊತೆಯನ್ನು ನಡಿಗೆಗೆ ಬಳಸಲಿ. ಪಾದರಕ್ಷೆಯ ವ್ಯಾಪಾರದಲ್ಲಿರುವ ಜೈನ ವಣಿಕನೂ ಹಳೆಯ ಜೊತೆ ಇನ್ನೂ ಬಾಳುತ್ತದೆಂದು ಗಿರಾಕಿಗೆ ಹೇಳುವ ಧೈರ್ಯ ತೋರಲಿ. ಒಂದು ಮಾರಾಟ ತಪ್ಪಿದರೂ ಅವನ ಸತ್ಯಾಣುವ್ರತ ಉಳಿಯುತ್ತದೆ. ಚರ್ಮವಿಲ್ಲದ ಹತ್ತು ಜೊತೆ ಶೂಗಳನ್ನು ಸಾಲಾಗಿ ಜೋಡಿಸಿಟ್ಟ ಕಪಾಟು ಅಹಿಂಸೆಯ ಕುರುಹಲ್ಲ. ಅದು ಪರಿಗ್ರಹದ ಭಂಡಾರ.